ನಾನೂರು ಲೀಟರ್ ಡಿಕ್ಕಿ

ಅಳತೆ ಬಲ್ಲವನಿಗೆ ಲೋಕದಲ್ಲಿ ಆಪತ್ತಿಲ್ಲ. ಮಂಜೇಶ್ವರದ ಆಸುಪಾಸಿನ ಶಾಲೆಗಳಲ್ಲಿ ಸರ್ವೀಸು ಪೂರ್ತಿ ಗಣಿತ ಕಲಿಸಿದ ನಾನು ಈ ಮಾತನ್ನು ಪ್ರತಿ ವರ್ಷವೂ ಮೊದಲ ಪೀರಿಯಡಿನಲ್ಲೇ ಮಕ್ಕಳಿಗೆ ಹೇಳುತ್ತಿದ್ದೆ. ಮಕ್ಕಳು ಯಾರೂ ನಂಬಲಿಲ್ಲ. ನಂಬಿದವನು ನಾನೊಬ್ಬನೇ.

ನಿವೃತ್ತಿಯ ನಂತರ ಕಾರು ಕೊಳ್ಳುವಾಗಲೂ ಈ ನಂಬಿಕೆಯೇ ಕೈಹಿಡಿದು ನಡೆಸಿತು. ಬೇರೆಯವರು ಕಾರಿನ ಬಣ್ಣ ನೋಡುತ್ತಾರೆ, ಬಾಗಿಲು ತೆಗೆದು ಹಾಕಿ ನೋಡುತ್ತಾರೆ, ಟಯರಿಗೆ ಕಾಲಿನಿಂದ ಒದ್ದು ನೋಡುತ್ತಾರೆ. ನಾನು ಓದಿದೆ. ಶೋರೂಮಿನವರು ಕೊಟ್ಟ ಬಣ್ಣದ ಪುಸ್ತಿಕೆಯ ಕೊನೆಯ ಪುಟದಲ್ಲಿ, ಯಾರೂ ಓದಬಾರದೆಂದೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ ಅಂಕಿಗಳೆಲ್ಲವನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಅದೊಂದು ಪುಟ್ಟ ಪೆಟ್ರೋಲ್ ಸೆಡಾನ್. ಉದ್ದ ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಮುಂದಿನಿಂದ ನೋಡಿದರೆ ದೊಡ್ಡ ಕಾರು. ಹಿಂದಿನಿಂದ ನೋಡಿದರೆ ಬಾಲ ಕತ್ತರಿಸಿದ ದೊಡ್ಡ ಕಾರು.

ಕಾರು ಹೊಸಂಗಡಿಯ ನಮ್ಮ ಮನೆಯಂಗಳಕ್ಕೆ ಬಂದ ದಿನ ನೆರೆಮನೆಯ ಅಬ್ಬಾಸ್ ನೋಡಲು ಬಂದರು. ಅವರದು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಅದಕ್ಕೂ ಮೊದಲು ದುಬಾಯಿಯಲ್ಲಿ ಮನೆಯಷ್ಟು ದೊಡ್ಡ ಗಾಡಿಗಳನ್ನು ಓಡಿಸಿದವರು.

"ಎಂತ ಮಾಷ್ಟ್ರೇ, ಕಾರು ಹೇಗುಂಟು?"

"ಸಾವಿರದ ನೂರ ತೊಂಬತ್ತೇಳು ಸೀಸಿ," ಎಂದೆ. "ಟಾರ್ಕು ನೂರ ಹದಿಮೂರು ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ ನಾಲ್ಕು ಸಾವಿರದ ನಾನೂರು ಸುತ್ತಿನಲ್ಲಿ. ಗ್ರೌಂಡ್ ಕ್ಲಿಯರೆನ್ಸ್ ನೂರ ಅರವತ್ತೈದು ಮಿಲಿಮೀಟರ್. ತಿರುಗುವ ತ್ರಿಜ್ಯ..."

"ಅದಲ್ಲ ಮಾರಾಯ್ರೆ, ಓಡಿಸ್ಲಿಕ್ಕೆ ಹೇಗುಂಟು ಅಂತ ಕೇಳಿದ್ದು."

"ಇನ್ನೂ ಓಡಿಸಲಿಲ್ಲ."

ಅಬ್ಬಾಸ್ ನನ್ನನ್ನೂ ಕಾರನ್ನೂ ಒಂದು ಸುತ್ತು ನೋಡಿದರು. "ಡೀಸಲ್ ತೆಗೀಬೇಕಿತ್ತು. ಗುಡ್ಡೆ ಹತ್ಲಿಕ್ಕೆ ಪೆಟ್ರೋಲಿಗೆ ಸ್ವಲ್ಪ ಉದಾಸೀನ."

"ಡಿಕ್ಕಿ ನಾನೂರು ಲೀಟರ್ ಉಂಟು," ಎಂದೆ ಗಂಭೀರವಾಗಿ.

"ನಾನೂರು ಲೀಟರಾ! ಹಾಗಾದ್ರೆ ಮಳೆಗಾಲದಲ್ಲಿ ನೀರು ತುಂಬಿಸಿ ಇಡಿ. ಬೇಸಗೆಗೆ ನಮಗೂ ಆಯ್ತು."

ಹಾಸ್ಯಗಾರರು ಎಲ್ಲ ಕಾಲದಲ್ಲೂ ಇದ್ದರು. ವಿಜ್ಞಾನ ಅವರಿಗಾಗಿ ನಿಂತಿಲ್ಲ.

ಮುಂದೆ ಓಡಿಸಿಯೂ ನೋಡಿದೆ. ಬಲು ಸಾತ್ವಿಕ ಕಾರು. ನಿಂತಲ್ಲಿ ಎಂಜಿನ್ನಿನ ಸದ್ದೇ ಇಲ್ಲ. ಚಾಲೂ ಇದೆಯೋ ಇಲ್ಲವೋ ತಿಳಿಯದೆ ನಾನು ಪುನಃ ಕೀಲಿ ತಿರುಗಿಸಿ, ಅದು ಕರ್ರೆಂದು ಕಿರುಚಿ, ಅಂಗಳದ ಕೋಳಿಗಳು ಬೇಲಿ ಹಾರುವುದು ದಿನನಿತ್ಯದ ಕಾರ್ಯಕ್ರಮವಾಯಿತು. ಸ್ಟೇರಿಂಗು ಕಿರುಬೆರಳಿಗೆ ತಿರುಗುತ್ತದೆ. ಸಮತಟ್ಟು ರಸ್ತೆಯಲ್ಲಿ ಹಂಸ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂದು ಪುಸ್ತಿಕೆಯಲ್ಲಿದೆಯಾದ್ದರಿಂದ ನಾನು ಆದಷ್ಟು ಬೇಗ ನಾಲ್ಕನೆಯ ಗೇರಿಗೆ ಹೋಗಿ, ಆದಷ್ಟು ಕಾಲ ಅಲ್ಲೇ ಇರುತ್ತಿದ್ದೆ.

ಇಂಥ ಸಂದರ್ಭದಲ್ಲಿ ನನ್ನ ಅಕ್ಕನ ಮಗಳು ಶ್ರಾವ್ಯಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಅಕ್ಕನ ಮನೆ ಬೆಳ್ಳೂರಿನಲ್ಲಿ. ಹುಡುಗ ಒಳ್ಳೆಯವನು, ಶ್ರಾವ್ಯಳಿಗೂ ಅವನೇ ಬೇಕು, ಅವನಿಗೂ ಅವಳೇ ಬೇಕು. ಆದರೆ ಹುಡುಗನ ಕಡೆಯಲ್ಲಿ ಕೊನೆಯ ಮಾತು ಅವನ ಸೋದರಮಾವ ದೂಮಣ್ಣನವರದ್ದು. ಹೆಣ್ಣು ನೋಡಲು ಬಂದ ದಿನವೇ ಅವರು ಹೇಳಿದ್ದರು: "ಹುಡುಗಿ ಆಗ್ಬಹುದು. ನಿಶ್ಚಿತಾರ್ಥದ ಪಾಯಸ ಮಾತ್ರ ಹೊಸಂಗಡಿಯ ಅಡಿಗೆ ಕೊರಗಪ್ಪಂದೇ ಆಗ್ಬೇಕು."

ಹೇಳಿ ನಕ್ಕಿದ್ದರಂತೆ. ಆದರೆ ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯವರ ನಗು ಕೇಳಿಸುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಅಕ್ಕನ ಗಂಡ ಸಂಜೀವ ಭಾವ ನನಗೆ ಫೋನು ಮಾಡಿದರು.

"ಭಾವ, ಕೊರಗಪ್ಪಣ್ಣನ ಕಡ್ಲೆಬೇಳೆ ಪಾಯಸ ಇಲ್ಲದಿದ್ರೆ ಆ ಜನ ಎಲೆಯಿಂದ ಏಳ್ತದೆ. ಇಲ್ಲಿಗೆ ತರುದು ಹೇಗೆ ಅಂತ ತಲೆಬಿಸಿ ಆಗಿದೆ."

"ಜವಾಬ್ದಾರಿ ನನಗೆ ಬಿಡಿ."

"ನಿಮ್ಮ ಹೊಸ ಕಾರಲ್ಲಿ ಹಿಡೀತದಾ?"

"ಭಾವ, ಪಾಯಸ ಮೂವತ್ತು ಲೀಟರ್. ಡಿಕ್ಕಿ ನಾನೂರು ಲೀಟರ್. ನಿಮ್ಮಂಥ ಹದಿಮೂರು ಮನೆಯ ಪಾಯಸ ಹಿಡಿದು ಹತ್ತು ಲೀಟರಿನ ಜಾಗ ಉಳಿಯುತ್ತದೆ!"

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಸಮಾಧಾನದ್ದೆಂದು ತಿಳಿದೆ.

ನಿಶ್ಚಿತಾರ್ಥದ ಬೆಳಿಗ್ಗೆ ನಾನೂ ನನ್ನ ಹೆಂಡತಿ ಸುಗುಣಳೂ ಕೊರಗಪ್ಪಣ್ಣನ ಅಂಗಳಕ್ಕೆ ಹೋದೆವು. ಪಾಯಸ ಒಂದೇ ದೊಡ್ಡ ತಪಲೆಯಲ್ಲಿ, ಬಾಡಿಸಿದ ಬಾಳೆಲೆ ಮುಚ್ಚಿಕೊಂಡು ಬೆಚ್ಚಗೆ ಕೂತಿತ್ತು. ಇಬ್ಬರು ಎತ್ತಿ ತಂದರು. ಡಿಕ್ಕಿ ತೆರೆದೆ. ತಪಲೆ ಬಾಗಿಲಲ್ಲೇ ನಿಂತಿತು.

ಒಳಗೆ ನಾನೂರು ಲೀಟರ್ ಜಾಗ ಇತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಅಂಚೆಪೆಟ್ಟಿಗೆಯ ಬಾಯಿಯಂತಿತ್ತು. ಅಡ್ಡಲಾಗಿ ನೋಡಿದೆವು, ಓರೆಯಾಗಿ ನೋಡಿದೆವು.

"ನಿಮ್ಮ ನಾನೂರು ಲೀಟರಿಗೆ ಬಾಯಿ ಎಷ್ಟು ಲೀಟರು?" ಎಂದಳು ಸುಗುಣ.

"ಘನ ಅಳತೆಯಲ್ಲಿ ಬಾಯಿಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ."

"ನಿಮ್ಮದನ್ನಾದ್ರೂ ಹಿಡೀರಿ."

ಹಿಂದಿನ ಸೀಟಿನ ಮೇಲೆ ಇಡೋಣವೆಂದರೆ ಹೊಸ ಸೀಟು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ನಾನಿನ್ನೂ ತೆಗೆದಿರಲಿಲ್ಲ. ಕೊನೆಗೆ ಪಾಯಸವನ್ನು ನಾಲ್ಕು ಸ್ಟೀಲಿನ ಬಾಲ್ದಿಗಳಿಗೆ ಹಂಚಿ, ಬಾಯಿಗೆ ಬಾಳೆಲೆ ಬಿಗಿದು, ಮುಚ್ಚಳ ಹಾಕಿ ಒಳಗಿಟ್ಟೆವು. ಸುಗುಣ ತನ್ನ ಕೈಚೀಲವನ್ನೂ ಅಲ್ಲೇ ತುರುಕಿದಳು. ಡಿಕ್ಕಿಯ ಮುಚ್ಚಳ ಒಂದೇ ಸಲಕ್ಕೆ ಬೀಳಲಿಲ್ಲ. ನಾನು ಅದರ ಮೇಲೆ ಕೂತೆ. ಬಿತ್ತು.

"ಮಾಷ್ಟ್ರೇ, ಬಾಲ್ದಿಯ ಹಿಡಿ ಮೇಲೆ ನಿಂತಿತ್ತೋ ಎಂತದೋ," ಎಂದರು ಕೊರಗಪ್ಪಣ್ಣ.

"ಎಲ್ಲ ಲೆಕ್ಕಾಚಾರದ ಒಳಗೇ ಇದೆ," ಎಂದು ಹೊರಟೆ.

ಹೆದ್ದಾರಿಯ ಸರ್ವೀಸ್ ರಸ್ತೆಗೆ ಬಂದ ಕೂಡಲೇ ಮೊದಲ ಹಂಪು ಎದುರಾಯಿತು. ಪುಸ್ತಿಕೆಯ ನೂರ ಅರವತ್ತೈದು ಮಿಲಿಮೀಟರನ್ನು ಮನಸ್ಸಿನಲ್ಲೇ ಸ್ಮರಿಸಿ ಏರಿಸಿದೆ. ಕೆಳಗಿನಿಂದ ಗರ್ರ್ ಎಂದು, ತೆಂಗಿನಕಾಯಿ ತುರಿದಂತೆ ಸದ್ದು ಬಂತು. ಆ ಅಳತೆ ಯಾರೂ ಕೂರದ ಕಾರಿನದಿರಬೇಕು. ಹಿಂದೆ ಪಾಯಸ, ಮುಂದೆ ನಾವಿಬ್ಬರು ಸೇರಿದ ಮೇಲೆ ಎಷ್ಟು ಉಳಿಯುತ್ತದೆಂದು ಯಾವ ಪುಟದಲ್ಲೂ ಇರಲಿಲ್ಲ.

"ಸುಗುಣ, ಹಂಪು ದಾಟುವವರೆಗೆ ನೀನು ಸ್ವಲ್ಪ ಇಳಿ."

"ನಾನಾ? ಪಾಯಸ ಇಳಿಯುದಿಲ್ವಾ?"

"ಪಾಯಸಕ್ಕೆ ಕಾಲಿಲ್ಲ."

ಅಲ್ಲಿಂದ ಪ್ರತಿ ಹಂಪಿಗೂ ನಾನು ಕಾರು ನಿಲ್ಲಿಸುವುದು, ರೇಷ್ಮೆಯ ಪಟ್ಟೆಸೀರೆ ಉಟ್ಟ ಸುಗುಣ ಇಳಿದು ದಡಬಡ ನಡೆಯುವುದು, ನಾನು ಮೆಲ್ಲಗೆ ದಾಟಿ ಕಾಯುವುದು, ಅವಳು ಬಾಗಿಲು ಬಡಿದು ಹತ್ತುವುದು. ಮೂರನೆಯ ಹಂಪಿನಲ್ಲಿ ಒಬ್ಬ ರಿಕ್ಷಾದವನು ತಲೆ ಹೊರಹಾಕಿ, "ಜಗಳ ಬೇಡ ಮಾಷೇ, ಕರ್ಕೊಂಡು ಹೋಗಿ ಪಾಪ!" ಎಂದ. ಉಪ್ಪಳಕ್ಕೆ ಬರುವಷ್ಟರಲ್ಲಿ ಅದು ಜಗಳವೂ ಆಗಿತ್ತು.

ಶಿರಿಯದ ಹತ್ತಿರ ಬಂದಾಗ ಸುಗುಣ ಮೂಗು ಎತ್ತಿದಳು. "ಏಲಕ್ಕಿ ವಾಸನೆ."

"ಒಳ್ಳೆಯ ಪಾಯಸದ ಲಕ್ಷಣ."

"ಕಾರಿನ ಹೊರಗಿಂದ ಬರ್ತಾ ಉಂಟು!"

ಸರ್ವೀಸ್ ರಸ್ತೆಯ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ ಹಿಂದಿನ ಬಂಪರಿನ ಕೆಳಗಿನಿಂದ ತೊಟ್ಟು ತೊಟ್ಟಾಗಿ ಪಾಯಸ. ಡಿಕ್ಕಿ ತೆರೆಯಲು ಹೋದೆ. ತೆರೆಯಲಿಲ್ಲ. ಒಳಗಿನ ಲಿವರು ಎಳೆದೆ, ಕೀಲಿ ಹಾಕಿದೆ, ಗುದ್ದಿದೆ, ವಿನಂತಿಸಿದೆ. ಬಾಲ್ದಿಯ ಹಿಡಿಯೊಂದು ಲಾಕಿನ ಒಳಗೆ ಸಿಕ್ಕಿಕೊಂಡಿತ್ತು. ಹಿಂದಿನ ಸೀಟನ್ನು ಮಡಚಿ ಒಳಗೆ ಕೈಹಾಕೋಣವೆಂದರೆ ಆ ಸೀಟು ಮಡಚುವ ಜಾತಿಯದ್ದಲ್ಲ. ಇದೂ ಪುಸ್ತಿಕೆಯಲ್ಲಿತ್ತು. ಅಂಕಿ ಇಲ್ಲದ ಸಾಲಾದ್ದರಿಂದ ನಾನು ಓದಿರಲಿಲ್ಲ.

ಮನೆಯವರಿಗೆ ಮುಂಚಿತವಾಗಿ ತಿಳಿಸುವುದು ಜವಾಬ್ದಾರಿಯುತ ಮನುಷ್ಯನ ಕರ್ತವ್ಯ. ನಿಶ್ಚಿತಾರ್ಥಕ್ಕೆಂದೇ ಮಾಡಿದ್ದ ವಾಟ್ಸಾಪ್ ಗ್ರೂಪಿನಲ್ಲಿ ಎರಡೂ ಕಡೆಯವರಿದ್ದರು. ಹಳೆಯ ಟೆಲಿಗ್ರಾಮಿನ ಕಾಲದವನಾದ ನಾನು ಅನವಶ್ಯಕ ಪದ ಬಳಸುವುದಿಲ್ಲ. ಹೀಗೆ ಬರೆದೆ:

"ಶಿರಿಯದಲ್ಲಿ ಕಾರಿನ ಡಿಕ್ಕಿ. ಎಷ್ಟು ಎಳೆದರೂ ಬಾಗಿಲು ತೆರೆಯುತ್ತಿಲ್ಲ. ಪಾಯಸ ರಸ್ತೆಗೆ ಹರಿಯುತ್ತಿದೆ. ಯಾರೂ ಗಾಬರಿಯಾಗಬಾರದು."

ಕಳಿಸಿ ಫೋನು ಆಫ್ ಮಾಡಿದೆ. ವಾಹನ ಓಡಿಸುವಾಗ ಫೋನು ಆಫ್ ಮಾಡಿಡುವುದು ನನ್ನ ನಿಯಮ. ಉಳಿದ ಪಾಯಸವನ್ನಾದರೂ ಊಟಕ್ಕೆ ಮುಟ್ಟಿಸಬೇಕೆಂದು ಪುನಃ ಹೊರಟೆ. ಒಂದು ನಿಮಿಷದಲ್ಲಿ ಹಿಂದಿನಿಂದ ಸಣ್ಣಗೆ ಭಜನೆ ಕೇಳತೊಡಗಿತು.

"ನನ್ನ ಫೋನು!" ಎಂದಳು ಸುಗುಣ. "ಚೀಲದಲ್ಲಿ ಉಂಟು. ಡಿಕ್ಕಿಯಲ್ಲಿ."

ಭಜನೆ ನಿಂತಿತು. ಪುನಃ ಶುರುವಾಯಿತು. ಕುಂಬಳೆಯಲ್ಲಿ ಬಂತು, ಸೀತಾಂಗೋಳಿಯಲ್ಲಿ ಬಂತು, ಬದಿಯಡ್ಕದಲ್ಲಿ ಬಿಡದೆ ಬಂತು. ಹಾದಿಯುದ್ದಕ್ಕೂ ಪಾಯಸಕ್ಕೆ ಫೋನು ಬರುತ್ತಲೇ ಇತ್ತು. ಮುಳ್ಳೇರಿಯದ ಹತ್ತಿರ ಭಜನೆಯ ಸ್ವರ ದಪ್ಪವಾಗಿ, ಗುಳುಗುಳು ಎಂದು, ಆಮೇಲೆ ಶಾಶ್ವತವಾಗಿ ನಿಂತಿತು.

ಬೆಳ್ಳೂರಿನ ಏರು ಎದುರಾಯಿತು. ಇಲ್ಲಿ ಈ ಕಾರಿನ ಸ್ವಭಾವದ ಕುರಿತು ಒಂದು ಮಾತು. ಅದರ ಬಲವೆಲ್ಲ ನಾಲ್ಕು ಸಾವಿರದ ನಾನೂರನೆಯ ಸುತ್ತಿನಲ್ಲಿದೆ. ಅದಕ್ಕಿಂತ ಕೆಳಗೆ ಅದು ಕಚೇರಿಯ ನೌಕರನಂತೆ. ಸೀಟಿನಲ್ಲಿರುತ್ತದೆ, ಕೆಲಸ ಮಾಡುವುದಿಲ್ಲ. ನಾನು ನಾಲ್ಕನೆಯ ಗೇರಿನಲ್ಲಿ, ಸಾವಿರದ ಚಿಲ್ಲರೆ ಸುತ್ತಿನಲ್ಲಿ, ಪೆಟ್ರೋಲು ಉಳಿಸುತ್ತ ಏರತೊಡಗಿದೆ. ಕಾರು ಮಲೇರಿಯಾ ಬಂದಂತೆ ನಡುಗಿತು.

"ಒಂದನೇ ಗೇರು ಹಾಕಿ!"

"ಒಂದನೇ ಗೇರಿನಲ್ಲಿ ಮೈಲೇಜು ಬರುವುದಿಲ್ಲ."

"ಈಗ ಎಷ್ಟು ಬರ್ತಾ ಉಂಟು?"

ಕಾರು ನಿಂತಿತು. ಮೈಲೇಜು ಸೊನ್ನೆ.

ಕಾರು ಹಿಂದಕ್ಕೆ ಹೋಗದಂತೆ ಹ್ಯಾಂಡ್‌ಬ್ರೇಕು ಎಳೆದು, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದ್ದೆ. ಸುಗುಣ ಸೀರೆ ಎತ್ತಿಹಿಡಿದು ಮರದ ನೆರಳಿನಲ್ಲಿ ನಿಂತಿದ್ದಳು. ಅಷ್ಟರಲ್ಲಿ ಮೇಲಿನಿಂದ ಒಂದು ಜೀಪು, ಅದರ ಹಿಂದೆ ಒಂದು ವ್ಯಾನು ಧೂಳೆಬ್ಬಿಸುತ್ತ ನಮ್ಮನ್ನು ದಾಟಿ ಕೆಳಗೆ ಹೋದವು.

ಸುಗುಣ ಕಿರುಚಿದಳು. "ಅಯ್ಯೋ, ಜೀಪಲ್ಲಿ ದೂಮಣ್ಣ! ಮುಖ ಇಷ್ಟುದ್ದ ಮಾಡಿಕೊಂಡು! ಹಿಂದೆ ಭಾವ ಕೈಮುಗಿದು ಕೂತಿದ್ದಾರೆ. ಹುಡುಗನೂ ಉಂಟು!"

"ಎಲ್ಲಿಗೆ ಹೋಗುತ್ತಿದ್ದಾರೆ?"

"ಎಲ್ಲಿಗೆ ಅಂದ್ರೆ? ಪಾಯಸ ಬರ್ಲಿಲ್ಲ ಅಂತ ಎಲೆಯಿಂದ ಎದ್ದು ಹೋಗ್ತಾ ಇದ್ದಾರೆ! ನಿಮ್ಮ ಡಿಕ್ಕಿಯಿಂದ ಶ್ರಾವ್ಯನ ಮದುವೆ ಹೋಯ್ತು!"

ಶ್ರಾವ್ಯ ನಾನೇ ಎತ್ತಿ ಆಡಿಸಿದ ಮಗು. ನನ್ನಿಂದಲೇ ಮಗ್ಗಿ ಕಲಿತ ಮಗು. ಹೇಗಾದರೂ ಹಿಂದೆ ಬಿದ್ದು, ದೂಮಣ್ಣನವರ ಕಾಲು ಹಿಡಿದಾದರೂ ಒಂದು ಸೌಟು ಪಾಯಸ ಕುಡಿಸಿ ಕರೆತರಬೇಕು!

ಕಾರನ್ನು ತಿರುಗಿಸಲು ಹೋದೆ. ತಿರುಗುವ ತ್ರಿಜ್ಯ ನಾಲ್ಕು ಪಾಯಿಂಟ್ ಎಂಟು ಮೀಟರ್. ರಸ್ತೆ ಅದಕ್ಕಿಂತ ಅಗಲವಿತ್ತು. ಆದ್ದರಿಂದ ಒಂದೇ ಸಲಕ್ಕೆ ತಿರುಗಬೇಕಿತ್ತು. ತ್ರಿಜ್ಯವನ್ನು ಎರಡರಿಂದ ಗುಣಿಸಿದರಷ್ಟೇ ವ್ಯಾಸವಾಗುವುದೆಂದು ನೆನಪಾದಾಗ ಕಾರಿನ ಮೂಗು ಚರಂಡಿಯ ಮೇಲಿತ್ತು. ಮುಂದೆ, ಹಿಂದೆ, ಮುಂದೆ, ಹಿಂದೆ. ಒಂದು ಬಸ್ಸಿನ ಪ್ರಯಾಣಿಕರೆಲ್ಲ ಕಿಟಕಿಯಿಂದ ನನಗೆ ಸ್ಟೇರಿಂಗ್ ಪಾಠ ಹೇಳಿಕೊಟ್ಟರು, ಮೂರು ಭಾಷೆಗಳಲ್ಲಿ.

ಆಮೇಲೆ ನಾನು ಓಡಿಸಿದೆ. ಮೈಲೇಜನ್ನು ಮರೆತು ಎರಡನೆಯ ಗೇರಿನಲ್ಲಿ ಒತ್ತಿದಾಗ ಆ ಸಾತ್ವಿಕ ಕಾರಿನ ಮೈಮೇಲೆ ದೈವ ಬಂದಿತು. ಮೂರು ಸಾವಿರ ಸುತ್ತು ದಾಟಿತು, ನಾಲ್ಕು ಸಾವಿರ ದಾಟಿತು, ಅದೋ ನೂರ ಹದಿಮೂರು ನ್ಯೂಟನ್ ಮೀಟರ್! ಸದ್ದಿಲ್ಲದ ಎಂಜಿನ್ನು ಕೊಂಬು ಊದಿದಂತೆ ಕೂಗಿತು. ತಿರುವಿನಲ್ಲಿ ನಾವು ಒಂದು ಕಡೆಗೆ ವಾಲಿದರೆ ಪಾಯಸ ಇನ್ನೊಂದು ಕಡೆಗೆ ವಾಲುತ್ತಿತ್ತು.

"ಮೆಲ್ಲ ಹೋಗಿ ಮಾರಾಯ್ರೆ!"

"ಈಗಷ್ಟೇ ಟಾರ್ಕು ಬಂದದ್ದು!"

ಬದಿಯಡ್ಕದಲ್ಲಿ ಜೀಪಿನ ಹಿಂಭಾಗ ಕಂಡಿತು. ಹಾರ್ನು ಹೊಡೆದೆ. ಅವರು ಇನ್ನೂ ಜೋರಾಗಿ ಹೋದರು. ನಾನೂ ಜೋರು ಮಾಡಿದೆ. ಎಷ್ಟು ಸಿಟ್ಟಿರಬೇಕು ಅವರಿಗೆ! ಕುಂಬಳೆಯಲ್ಲಿ ಅವರು ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದರು. ನಾನೂ ತಿರುಗಿದೆ. ಶಿರಿಯದಲ್ಲಿ ಅವರು ಯಾಕೋ ಸರ್ವೀಸ್ ರಸ್ತೆಗೆ ಇಳಿದು, ಯಾಕೋ ನಿಂತು, ಯಾಕೋ ಎಲ್ಲರೂ ಕೆಳಗಿಳಿದು ರಸ್ತೆಯನ್ನು ಹುಡುಕತೊಡಗಿದರು.

ಆ ಜೀಪಿನ ತುಸು ಹಿಂದೆ ಒಂದು ಹಂಪು ಇತ್ತು. ಸುಗುಣಳನ್ನು ಇಳಿಸಲು ಸಮಯವಿರಲಿಲ್ಲ. ಕಾರು ಅದರ ಮೇಲೆ ಹಾರಿತು. ಬ್ರೇಕು ಒತ್ತಿದೆ. ನಿಲ್ಲಲು ಎಷ್ಟು ಮೀಟರ್ ಬೇಕೆಂದು ಪುಸ್ತಿಕೆಯಲ್ಲಿ ಹೇಳಿರಲಿಲ್ಲ. ಜೀಪಿನ ಬೆನ್ನಿಗೆ ಕಟ್ಟಿದ್ದ ಸ್ಟೆಪ್ನಿ ಟಯರಿಗೆ ನನ್ನ ಕಾರಿನ ಮೂಗು ಹೋಗಿ ತಾಗಿತು.

ಠಪ್.

ಅದೇ ಏಟಿಗೆ ಹಿಂದಿನಿಂದ ಇನ್ನೊಂದು ಠಪ್ ಕೇಳಿಸಿತು. ಡಿಕ್ಕಿ ತೆರೆದುಕೊಂಡಿತ್ತು.

ಭಾವ ಓಡಿ ಬಂದು ಕಿಟಕಿಯೊಳಗೆ ಇಣುಕಿದರು. ಮುಖ ಸುಣ್ಣದಂತಾಗಿತ್ತು. "ಭಾವ! ಬದುಕಿದ್ದೀರಾ? ಎಲ್ಲಿ ಪೆಟ್ಟಾಗಿದೆ?"

"ಯಾರಿಗೆ ಪೆಟ್ಟು?"

"ನೀವೇ ಬರೆದದ್ದಲ್ವಾ ಮಾರಾಯ್ರೆ! ಶಿರಿಯದಲ್ಲಿ ಕಾರಿನ ಡಿಕ್ಕಿ, ಬಾಗಿಲು ತೆರೀತಾ ಇಲ್ಲ ಅಂತ! ಆಗಿನಿಂದ ಮಾಡಿದ್ರೂ ಇಬ್ಬರೂ ಫೋನು ತೆಗೀಲಿಲ್ಲ. ಅನ್ನ ಬಡಿಸಿದ ಎಲೆ ಬಿಟ್ಟು ಓಡಿ ಬಂದದ್ದು ನಾವು. ನಿಮ್ಮ ಅಕ್ಕ ಅಲ್ಲಿ ಎದೆ ಬಡ್ಕೊಳ್ತಾ ಉಂಟು!"

ಕನ್ನಡ ಸಮೃದ್ಧ ಭಾಷೆ. ಕಾರಿನ ಹಿಂದೆ ಸಾಮಾನು ಇಡುವ ಜಾಗಕ್ಕೂ, ಕಾರು ಹೋಗಿ ಇನ್ನೊಂದಕ್ಕೆ ಗುದ್ದುವುದಕ್ಕೂ ಎರಡು ಬೇರೆ ಪದ ಇಡುವಷ್ಟು ಸ್ಥಳ ಅದರಲ್ಲಿತ್ತು. ಯಾಕೋ ಇಡಲಿಲ್ಲ.

"ಅದು ಆ ಡಿಕ್ಕಿ ಅಲ್ಲ ಭಾವ, ಈ ಡಿಕ್ಕಿ," ಎಂದು ಇಳಿದು ಹಿಂದಕ್ಕೆ ಬೆರಳು ತೋರಿಸಿದೆ.

"ಮತ್ತೆ ಈಗ ಆದದ್ದು ಯಾವ ಡಿಕ್ಕಿ?"

ಉತ್ತರ ಕೊಟ್ಟವಳು ಸುಗುಣ. "ಬೆಳಿಗ್ಗೆ ಡಿಕ್ಕಿ ಆಗ್ಲಿಲ್ಲ, ಡಿಕ್ಕಿ ತೆರೀಲಿಲ್ಲ. ಈಗ ಡಿಕ್ಕಿ ಆಯ್ತು, ಡಿಕ್ಕಿ ತೆರೀತು. ಲೆಕ್ಕದ ಮಾಷ್ಟ್ರಿಗೆ ಎರಡೂ ಒಂದೇ."

ಯಾರೂ ನಗಲಿಲ್ಲ. ಎಲ್ಲರೂ ದೂಮಣ್ಣನವರನ್ನು ನೋಡುತ್ತಿದ್ದರು. ವ್ಯಾನಿನ ಒಳಗಿನಿಂದ ಯಾರೋ ಹಿರಿಯರು, "ನಿಶ್ಚಯದ ದಿನವೇ ವಾಹನ ಗುದ್ದಿದ್ದು... ಶಕುನ ಒಳ್ಳೇದಲ್ಲ" ಎಂದು ಗೊಣಗಿದರು. ಹುಡುಗನ ಮುಖ ಬಾಡಿತು. ಪಾಯಸ ತರಲು ಹೋಗಿ ನಾನು ಅಪಶಕುನವನ್ನೂ ಮನೆಬಾಗಿಲಿಗೆ ತಂದಿದ್ದೆ. ಅದೂ ಅವರದೇ ಜೀಪಿನ ಬೆನ್ನಿಗೆ!

ದೂಮಣ್ಣನವರು ನನ್ನ ಕಾರಿನ ಹಿಂದಕ್ಕೆ ನಡೆದರು. ಡಿಕ್ಕಿಯಲ್ಲಿ ಎರಡು ಬಾಲ್ದಿಗಳು ಮಗುಚಿದ್ದವು. ಸುಗುಣಳ ಚೀಲ ಅದರ ನಡುವೆ ತೇಲುತ್ತಿತ್ತು. ಇನ್ನೆರಡು ಬಾಲ್ದಿಗಳ ಬಾಳೆಲೆ ಬಿಗಿಯಾಗಿತ್ತು. ಅವರು ಒಂದರ ಕಟ್ಟು ಬಿಚ್ಚಿ, ಎದುರಿನ ಚಹಾದಂಗಡಿಯಿಂದ ಗ್ಲಾಸು ತರಿಸಿ, ಅದ್ದಿ ಎತ್ತಿ, ಹೆದ್ದಾರಿಯ ಬದಿಯಲ್ಲಿ ನಿಂತು ಕಣ್ಣು ಮುಚ್ಚಿ ಕುಡಿದರು.  

"ಕೊರಗಪ್ಪಂದೇ," ಎಂದರು ದೂಮಣ್ಣ. ವ್ಯಾನಿನ ಕಡೆಗೆ ತಿರುಗಿದರು. "ಶಕುನ ಹೇಳಿದ್ದು ಯಾರು? ಹುಡುಗಿಯ ಮಾವ ಸತ್ತ ಅಂತ ಹೊರಟದ್ದು ನಾವು. ಬಂದು ನೋಡಿದ್ರೆ ಜನ ಬದುಕಿದೆ, ಪಾಯಸವೂ ಉಂಟು. ಇದಕ್ಕಿಂತ ಒಳ್ಳೆ ಶಕುನ ಎಂತ ಬೇಕು? ನಡೀರಿ, ಅನ್ನ ತಣೀತದೆ."

ಭಾವ ನನ್ನನ್ನು ತಬ್ಬಿಕೊಳ್ಳಲು ಬಂದು, ನನ್ನ ಅಂಗಿಗೆ ಮೆತ್ತಿದ ಪಾಯಸ ನೋಡಿ, ದೂರದಿಂದಲೇ ಕೈಮುಗಿದರು. ನಾನು ಸ್ಟೇರಿಂಗಿನ ಕಡೆಗೆ ಹೋಗುವಷ್ಟರಲ್ಲಿ ದೂಮಣ್ಣ ಕೈ ಚಾಚಿದರು.

"ಮಾಷ್ಟ್ರೇ, ಕಾರಿನ ಬಗ್ಗೆ ನಿಮಗೆ ಎಲ್ಲ ಗೊತ್ತುಂಟಂತೆ. ಕೇಳಿದ್ದೇನೆ. ಕೀಲಿ ಇಲ್ಲಿ ಕೊಡಿ."

ಕೊಟ್ಟೆ. ಕಾರನ್ನು ಹುಡುಗ ಓಡಿಸಿದ. ಎರಡು ಬಾಲ್ದಿಗಳು ಹಿಂದಿನ ಹೊಸ ಸೀಟಿನ ಮೇಲೆ, ದೂಮಣ್ಣನವರ ಎಡಕ್ಕೊಂದು ಬಲಕ್ಕೊಂದು ಕುಳಿತು ಬಂದವು. ನಾನು ವ್ಯಾನಿನಲ್ಲಿ, ಶಕುನದ ಹಿರಿಯರ ಪಕ್ಕದಲ್ಲಿ ಬಂದೆ. ಬೆಳ್ಳೂರಿನ ಏರನ್ನು ಕಾರು ಎರಡನೆಯ ಗೇರಿನಲ್ಲಿ ಸರಾಗವಾಗಿ ಹತ್ತಿತು.

ಸಂಜೆ ನಾಲ್ಕು ಗಂಟೆಗೆ ವೀಳ್ಯ ಬದಲಾಯಿಸಿ ನಿಶ್ಚಿತಾರ್ಥ ಮುಗಿಯಿತು. ಪಾಯಸ ಒಬ್ಬೊಬ್ಬರಿಗೆ ಅರ್ಧ ಸೌಟಿನಂತೆ ಬಂತು. ನಾನು ಕೂತ ಸಾಲಿಗೆ ಬರಲಿಲ್ಲ.